ಕುತ್ತಿಗೆ ಒತ್ತುವ ಕೈಗೂ ಪಾಠ ಸಿಕ್ಕಿತು: ಒಂದು ದಿನದ ಏರ್‌ವೇ ಕಾರ್ಯಾಗಾರ ಹೇಗಿತ್ತು

ಓಟಿ (ಆಪರೇಷನ್ ಥಿಯೇಟರ್) ಟೆಕ್ನಿಷಿಯನ್, ಅನಸ್ತೇಷಿಯಾ ಟೆಕ್ನಿಷಿಯನ್, ಓಟಿ ಸಿಸ್ಟರ್, ಯಾರೇ ಆಗಿರಿ, ಇಂಥ ಏರ್‌ವೇ, ಅಂದರೆ ಉಸಿರಿನ ದಾರಿಯ, ಕಾರ್ಯಾಗಾರಕ್ಕೆ ಅವಕಾಶ ಸಿಕ್ಕರೆ ಹೋಗಿ ಬನ್ನಿ. ಎಲ್ಲವೂ ಚೆನ್ನಾಗಿತ್ತು ಅಂತ ಅಲ್ಲ. ಒಂದೊಂದು ಅಭ್ಯಾಸಕ್ಕೆ ಒಂದೊಂದು ಟೇಬಲ್ ಇತ್ತು, ಅದರಲ್ಲಿ ಒಂದರ ಹತ್ತಿರ ಹೋಗೋಕೂ ಆಗಲಿಲ್ಲ, ಸ್ಲೈಡೆಲ್ಲ ಇಂಗ್ಲಿಷ್, ಬೆಳಗಿನ ಪ್ರಶ್ನೆಪತ್ರಿಕೆಯ ಉತ್ತರವನ್ನು ಕೊನೆತನಕ ಯಾರೂ ಹೇಳಲಿಲ್ಲ. ಆದರೂ ಒಂದೇ ಒಂದು ಟೇಬಲ್‌ಗೆ ಕೊಟ್ಟ ದುಡ್ಡು ವಸೂಲಾಯಿತು. ಅದರ ಬಗ್ಗೆ ಜಾಸ್ತಿ ಬರೆಯುತ್ತೇನೆ, ಉಳಿದದ್ದನ್ನು ಬೇಗ ಮುಗಿಸುತ್ತೇನೆ.

ನಡೆದದ್ದು ಬೆಂಗಳೂರಿನ ಒಂದು ಮೆಡಿಕಲ್ ಕಾಲೇಜಿನಲ್ಲಿ. ದೂರುಗಳೂ ಇರುವುದರಿಂದ ಹೆಸರು ಹಾಕುತ್ತಿಲ್ಲ. ಹೇಗೂ ಇಂಥವು ಬೇರೆ ಬೇರೆ ಊರುಗಳಲ್ಲಿ ನಡೆಯುತ್ತಲೇ ಇರುತ್ತವೆ, ಎಲ್ಲಿ ಸೇರಿದರೂ ಏನು ನೋಡಬೇಕು ಅಂತ ಗೊತ್ತಾದರೆ ಸಾಕು. ವಿಷಯ ಇಷ್ಟೇ: ಹೊಟ್ಟೆ ಖಾಲಿ ಇಲ್ಲದ ರೋಗಿಗೆ ಜನರಲ್ ಅನಸ್ತೇಷಿಯಾ ಕೊಡುವಾಗ, ಪ್ರಜ್ಞೆ ತಪ್ಪಿದ ಕ್ಷಣದಿಂದ ಶ್ವಾಸನಾಳದಲ್ಲಿ ಉಸಿರಾಟದ ಟ್ಯೂಬ್ ಕೂರುವ ತನಕ, ಹೊಟ್ಟೆಯಲ್ಲಿರುವುದು ಶ್ವಾಸಕೋಶಕ್ಕೆ ಇಳಿಯದ ಹಾಗೆ ಕಾಯುವುದು ಹೇಗೆ.

ಓಟಿಗೆ ಸಂಬಂಧ ಇಲ್ಲದವರೂ ಇದನ್ನು ಓದುತ್ತಿರಬಹುದು, ಅವರಿಗಾಗಿ ಸ್ವಲ್ಪ ಹಿನ್ನೆಲೆ. ಊಟ ಮಾಡುವಾಗ ನೆತ್ತಿಗೆ ಹತ್ತಿದರೆ ಕೆಮ್ಮಿ ಕೆಮ್ಮಿ ಹೊರಗೆ ಹಾಕುತ್ತೇವೆ, ಅಲ್ವಾ? ಅನಸ್ತೇಷಿಯಾದಲ್ಲಿ ಆ ಕೆಮ್ಮು ಇರುವುದಿಲ್ಲ. ಅನ್ನನಾಳವನ್ನು ಬಿಗಿಯಾಗಿ ಮುಚ್ಚಿಡುವ ಸ್ನಾಯುಗಳೂ ಸಡಿಲ ಆಗುತ್ತವೆ. ಹೊಟ್ಟೆಯಲ್ಲಿರುವುದು ಸದ್ದಿಲ್ಲದೆ ಮೇಲೆ ಬಂದು ಶ್ವಾಸನಾಳಕ್ಕೆ ಇಳಿಯಬಹುದು. ಅನ್ನದ ಅಗುಳು ಇಳಿದರೆ ಉಸಿರಿನ ದಾರಿ ಕಟ್ಟುತ್ತದೆ, ಹುಳಿನೀರು ಇಳಿದರೆ ಶ್ವಾಸಕೋಶದ ಒಳಪದರವೇ ಸುಡುತ್ತದೆ. ನ್ಯೂಯಾರ್ಕಿನ ಹೆರಿಗೆ ವೈದ್ಯ ಕರ್ಟಿಸ್ ಮೆಂಡೆಲ್ಸನ್ 1946ರಲ್ಲೇ ಇದನ್ನು ಬಿಡಿಸಿ ಬರೆದಿದ್ದರು. ಅವರು ನೋಡಿದ 44,016 ಗರ್ಭಿಣಿಯರ ದಾಖಲೆಗಳಲ್ಲಿ 66 ಜನರಿಗೆ ಹೀಗಾಗಿತ್ತು, ಇಬ್ಬರು ಉಸಿರುಗಟ್ಟಿ ತೀರಿಕೊಂಡಿದ್ದರು. ಹಳೆ ಕಾಲದ ಮಾತು ಅಂತ ಬಿಡೋ ಹಾಗಿಲ್ಲ. ಬ್ರಿಟನ್ನಿನಲ್ಲಿ ದೇಶಪೂರ್ತಿ ನಡೆಸಿದ ಸಮೀಕ್ಷೆಯ ವರದಿ 2011ರಲ್ಲಿ ಬಂತು. ಅನಸ್ತೇಷಿಯಾ ವೇಳೆ ಏರ್‌ವೇ ತೊಂದರೆಯಿಂದ ಆದ ಸಾವುಗಳಲ್ಲಿ ಇದೇ ಮೊದಲ ಕಾರಣ ಅಂತ ಅದರಲ್ಲಿದೆ.

ಇದನ್ನು ತಡೆಯೋಕೆ ಬ್ರಯಾನ್ ಸೆಲ್ಲಿಕ್ ಅನ್ನುವ ಲಂಡನ್ನಿನ ಡಾಕ್ಟರ್ 1961ರಲ್ಲಿ ಒಂದು ಉಪಾಯ ಹೇಳಿದರು. ಕುತ್ತಿಗೆಯಲ್ಲಿ ಕ್ರೈಕಾಯ್ಡ್ ಅಂತ ಒಂದು ಮೂಳೆಯಂಥ ಉಂಗುರ ಇದೆ. ಅದನ್ನು ಹಿಂದಕ್ಕೆ ಒತ್ತಿದರೆ ಅದರ ಹಿಂದಿರುವ ಅನ್ನನಾಳ ಬೆನ್ನುಮೂಳೆಗೆ ಅಂಟಿ ಮುಚ್ಚಿಕೊಳ್ಳುತ್ತದೆ, ಹೊಟ್ಟೆಯಿಂದ ಏನೂ ಮೇಲೆ ಬರುವುದಿಲ್ಲ. ಅವರು ಪರೀಕ್ಷೆ ಮಾಡಿದ್ದು 26 ರೋಗಿಗಳ ಮೇಲೆ. ಟ್ಯೂಬ್ ಹಾಕಿ ಕೈ ತೆಗೆದ ಕೂಡಲೇ 3 ಜನರಿಗೆ ಒಳಗಿದ್ದದ್ದು ಗಂಟಲಿಗೆ ಬಂತು. ಅಂದರೆ ಆ ತನಕ ತಡೆದು ನಿಲ್ಲಿಸಿದ್ದು ಕೈ ಅಂತ ಅವರ ವಾದ. ಅಲ್ಲಿಂದ ಇಲ್ಲಿಯ ತನಕ ಜಗತ್ತಿನ ಬಹಳ ಓಟಿಗಳಲ್ಲಿ ಆ ಜಾಗ ಒತ್ತುತ್ತಲೇ ಇದ್ದಾರೆ.

ಒತ್ತೋರು ಯಾರು? ಡಾಕ್ಟರ್ ಅಲ್ಲ. ಅವರ ಎಡಗೈಯಲ್ಲಿ ಗಂಟಲೊಳಗೆ ನೋಡುವ ಲಾರಿಂಗೋಸ್ಕೋಪ್, ಬಲಗೈಯಲ್ಲಿ ಟ್ಯೂಬ್. ಒತ್ತುವುದು ನಾವು. ಸಣ್ಣ ಊರಿನ ನರ್ಸಿಂಗ್ ಹೋಮ್ ಆದರೆ ಅನಸ್ತೇಷಿಯಾ ಡಾಕ್ಟರ್ ಇನ್ನೊಂದು ಕಡೆ ಕೇಸ್ ಮುಗಿಸಿ ಓಡಿಬಂದಿರುತ್ತಾರೆ, ಅವರ ಜೊತೆ ಟೆಕ್ನಿಷಿಯನ್ ಇಲ್ಲ, ಆ ಹೊತ್ತಿಗೆ ಡ್ಯೂಟಿಯಲ್ಲಿರುವ ಸಿಸ್ಟರ್ ಯಾರೋ ಅವರೇ ಸಹಾಯಕ್ಕೆ. "ಸಿಸ್ಟರ್, ಕ್ರೈಕಾಯ್ಡ್ ಕೊಡಿ" ಅಂದ ಕೂಡಲೇ ಕೈ ಕುತ್ತಿಗೆಗೆ ಹೋಗುತ್ತದೆ. ಎಲ್ಲಿ, ಎಷ್ಟು, ಯಾವಾಗಿನ ತನಕ ಅಂತ ಕೇಳೋಕೆ ಆಗ ಟೈಮ್ ಇರುವುದಿಲ್ಲ, ಬೇರೆ ಟೈಮಲ್ಲಿ ಯಾರೂ ಹೇಳಿಕೊಡುವುದಿಲ್ಲ. ಈ ಕೆಲಸದಲ್ಲಿ ನನಗಿರುವ ದೊಡ್ಡ ಬೇಸರ ಇದೇ. ಡಾಕ್ಟರ್‌ಗಳಿಗೆ ಏರ್‌ವೇ ಬಗ್ಗೆ ಸಮ್ಮೇಳನ, ಮಾರ್ಗಸೂಚಿ, ಚರ್ಚೆ ಎಲ್ಲ ಇದೆ. ನಿಜಕ್ಕೂ ಒತ್ತುವ ಕೈ ಮಾತ್ರ ಅಂದಾಜಿನ ಮೇಲೆ ನಡೆಯುತ್ತಿದೆ.

ಅದಕ್ಕೇ ಈ ಕಾರ್ಯಾಗಾರದ ಕ್ರೈಕಾಯ್ಡ್ ಟೇಬಲ್ ನನಗೆ ಅಷ್ಟು ಹಿಡಿಸಿತು. ಅಲ್ಲಿದ್ದ ಮೇಡಂ ಹಿರಿಯ ಅನಸ್ತೇಷಿಯಾ ಪ್ರೊಫೆಸರ್. ನಮ್ಮ ಗುಂಪು ಬಂದ ಕೂಡಲೇ ಸ್ಲೈಡ್ ಬಂದ್ ಮಾಡಿ ಕನ್ನಡದಲ್ಲಿ ಶುರು ಮಾಡಿದರು. ಮೊದಲು ನಮ್ಮ ನಮ್ಮ ಕುತ್ತಿಗೆಯನ್ನೇ ಮುಟ್ಟಿ ನೋಡಿಕೊಳ್ಳೋಕೆ ಹೇಳಿದರು. ಗಂಡಸರಿಗೆ ಮುಂದೆ ಉಬ್ಬಿ ಕಾಣುತ್ತದಲ್ಲ, ಅದು ಥೈರಾಯ್ಡ್ ಮೃದ್ವಸ್ಥಿ. ಬೆರಳನ್ನು ಮೆಲ್ಲಗೆ ಕೆಳಗೆ ಜಾರಿಸಿದರೆ ಒಂದು ಮೆತ್ತನೆ ತಗ್ಗು. ಇನ್ನೂ ಕೆಳಗೆ ಬಂದರೆ ಗಟ್ಟಿಯಾಗಿ ಒಂದು ಉಂಗುರ ಸಿಗುತ್ತದೆ, ಅದು ಕ್ರೈಕಾಯ್ಡ್. ಹೆಬ್ಬೆರಳು, ತೋರುಬೆರಳನ್ನು ಅದರ ಎರಡೂ ಬದಿಗೆ ಇಟ್ಟು ನೇರ ಹಿಂದಕ್ಕೆ ಒತ್ತಬೇಕು. ದಪ್ಪ ಕುತ್ತಿಗೆಯ ಹೆಂಗಸರಲ್ಲಿ ಆ ಉಬ್ಬು ಕಾಣುವುದೇ ಇಲ್ಲ, ಹಾಗಾಗಿ ರೋಗಿ ಎಚ್ಚರ ಇದ್ದಾಗಲೇ ಜಾಗ ಹುಡುಕಿ ಗುರುತಿಟ್ಟುಕೊಳ್ಳಿ, ಪ್ರಜ್ಞೆ ತಪ್ಪಿದ ಮೇಲೆ ತಡಕಾಡಬೇಡಿ ಅಂದರು. ಹಾಗೆ ಮುಟ್ಟುವಾಗ "ಕುತ್ತಿಗೆ ಮೇಲೆ ಸ್ವಲ್ಪ ಒತ್ತಿದ ಹಾಗೆ ಆಗುತ್ತಮ್ಮ, ಹೆದರ್ಬೇಡಿ" ಅಂತ ಒಂದು ಮಾತು ಹೇಳಬೇಕು ಅಂತಲೂ ಸೇರಿಸಿದರು. ಆ ಸ್ಥಿತಿಯಲ್ಲಿ ಮಲಗಿರುವವರ ಕುತ್ತಿಗೆಗೆ ಯಾರೋ ಕೈ ಹಾಕಿದರೆ ಎಂಥವರಿಗೂ ಗಾಬರಿ ಆಗುತ್ತದೆ.

ಆಮೇಲೆ ಬಲದ ಪಾಠ. ಎಚ್ಚರ ಇರುವಾಗ 10 ನ್ಯೂಟನ್, ಪ್ರಜ್ಞೆ ತಪ್ಪಿದ ಮೇಲೆ 30 ನ್ಯೂಟನ್, ಇದು ಪುಸ್ತಕದ ಲೆಕ್ಕ. ನ್ಯೂಟನ್ ಅಂದರೆ ನಮ್ಮ ಕೈಗೆ ಏನು ಗೊತ್ತು? ಮೇಡಂ ಮೇಜಿನ ಮೇಲೆ ಒಂದು ಡಿಜಿಟಲ್ ತಕ್ಕಡಿ ಇಟ್ಟರು, ಎರಡು ಬೆರಳಲ್ಲಿ ಒತ್ತಿ ಅಂದರು. 1 ಕೆಜಿ ತೋರಿಸಿದರೆ ಸುಮಾರು 10 ನ್ಯೂಟನ್, 3 ಕೆಜಿ ಆದರೆ 30. ಒಬ್ಬೊಬ್ಬರೇ ಒತ್ತಿದೆವು. ಮೊದಲು ತಕ್ಕಡಿಯ ಅಂಕಿಗೆ ಬಟ್ಟೆ ಮುಚ್ಚಿ, ಓಟಿಯಲ್ಲಿ ಒತ್ತುವಷ್ಟೇ ಒತ್ತಿ ಅಂತ ಹೇಳಿ, ಆಮೇಲೆ ಬಟ್ಟೆ ತೆಗೆದು ತೋರಿಸಿದರು. ಒಬ್ಬರದು 1 ಕೆಜಿ ದಾಟಿರಲಿಲ್ಲ, ಪಕ್ಕದವರದು 6ರ ಹತ್ತಿರ. ಇಬ್ಬರೂ ವರ್ಷಗಟ್ಟಲೆ ಓಟಿಯಲ್ಲಿ ಇರುವವರೇ. ಅವರ ತಪ್ಪು ಅಂತ ನಾನು ಖಂಡಿತ ಹೇಳುವುದಿಲ್ಲ, ಅಳತೆ ತೋರಿಸದೆ ಅಳತೆ ಕೇಳಿದರೆ ಇನ್ನೇನಾಗುತ್ತದೆ? ಬೇರೆ ದೇಶಗಳಲ್ಲೂ ಹೀಗೆ ಪರೀಕ್ಷೆ ಮಾಡಿದಾಗ ನರ್ಸ್, ಟೆಕ್ನಿಷಿಯನ್, ಡಾಕ್ಟರ್ ಎಲ್ಲರ ಕೈಯೂ ಹೀಗೇ ಮೇಲೆ ಕೆಳಗೆ ಆಗಿದೆ ಅಂತ ಮೇಡಂ ಹೇಳಿದರು.

ತಕ್ಕಡಿ ಇಲ್ಲದಿದ್ದರೆ 50 ಎಂಎಲ್ ಸಿರಿಂಜ್ ಸಾಕು. ಇದು ನನಗೆ ಬಹಳ ಇಷ್ಟ ಆಯಿತು, ಯಾಕಂದರೆ ಎಂಥ ಸಣ್ಣ ಆಸ್ಪತ್ರೆಯಲ್ಲೂ ಇದು ಸಿಗುತ್ತದೆ. ಪ್ಲಂಜರನ್ನು 50ರ ತನಕ ಎಳೆದು ಗಾಳಿ ತುಂಬಿ, ಮೂತಿಗೆ ಗಾಳಿ ಹೋಗದ ಹಾಗೆ ಬಿಗಿಯಾಗಿ ಕ್ಯಾಪ್ ಹಾಕಿ, ನೆಟ್ಟಗೆ ನಿಲ್ಲಿಸಿ ಒತ್ತಬೇಕು. ಪ್ಲಂಜರ್ 38ರ ಹತ್ತಿರ ಬಂದರೆ ಸುಮಾರು 20 ನ್ಯೂಟನ್, 33–34ರ ಹತ್ತಿರ ಬಂದರೆ 30. ಕಣ್ಣು ಮುಚ್ಚಿ ಒತ್ತಿ, ತೆರೆದು ನೋಡಿ, ಮತ್ತೆ ಒತ್ತಿ. ನಾಲ್ಕೈದು ಸಲ ಮಾಡುವಷ್ಟರಲ್ಲಿ ಬೆರಳಿಗೇ ಅಳತೆ ಬರುತ್ತದೆ. ಆದರೆ ಹಿಡಿದು ನಿಲ್ಲುವುದು ಇನ್ನೊಂದು ಕಷ್ಟ. ಅರ್ಧ ನಿಮಿಷ ಆಗುವಷ್ಟರಲ್ಲಿ ಕೈ ನಡುಗೋಕೆ ಶುರು, ಗೊತ್ತಿಲ್ಲದೆ ಬಲ ಇಳಿದಿರುತ್ತದೆ. ಮೊಣಕೈ ಮಡಚದೆ ತೋಳು ನೇರ ಇಟ್ಟು ಮೈಭಾರ ಬಿಟ್ಟರೆ ಜಾಸ್ತಿ ಹೊತ್ತು ತಡೆಯುತ್ತದೆ, ಆಪರೇಷನ್ ಟೇಬಲ್ ಎತ್ತರ ಇದ್ದರೆ ಮೊದಲೇ ಕಾಲ ಕೆಳಗೆ ಸ್ಟೂಲ್ ಹಾಕಿಕೊಳ್ಳಿ ಅಂದರು. ಇಂಥ ಮಾತು ಯಾವ ಸ್ಲೈಡ್‌ನಲ್ಲೂ ಬರುವುದಿಲ್ಲ. ಕಲಿತದ್ದು ಬೇಗ ಮರೆತೂ ಹೋಗುತ್ತದಂತೆ, ಆಗಾಗ ಸಿರಿಂಜ್ ಹಿಡಿದು ಅಭ್ಯಾಸ ಮಾಡಿದರೆ ಮಾತ್ರ ಉಳಿಯುತ್ತದೆ.

ಜಾಸ್ತಿ ಒತ್ತಿದರೆ ಒಳ್ಳೆಯದೇ ಅಲ್ವಾ ಅಂತ ಗುಂಪಿನಲ್ಲಿ ಒಬ್ಬರು ಕೇಳಿದರು. ಅಲ್ಲ. ಮಿತಿ ಮೀರಿ ಒತ್ತಿದರೆ ಶ್ವಾಸನಾಳವೇ ಚಪ್ಪಟೆ ಆಗುತ್ತದೆ, ಟ್ಯೂಬ್ ಇಳಿಯುವುದಿಲ್ಲ, ಮಾಸ್ಕಿನಲ್ಲಿ ಗಾಳಿಯೂ ಹೋಗುವುದಿಲ್ಲ. ಡಾಕ್ಟರ್‌ಗೆ ಒಳಗೆ ಕಾಣಿಸುತ್ತಿಲ್ಲ ಅಂದರೆ ಅವರು ಹೇಳಿದ ಹಾಗೆ ಸಡಿಲ ಮಾಡಬೇಕು ಇಲ್ಲ ಬಿಡಬೇಕು. ರೋಗಿ ನಿಜವಾಗಿ ವಾಂತಿ ಮಾಡೋಕೆ ಶುರು ಮಾಡಿದರೆ ತಕ್ಷಣ ಕೈ ತೆಗೆಯಬೇಕು, ಇಲ್ಲದಿದ್ದರೆ ಒಳಗಿನ ಒತ್ತಡಕ್ಕೆ ಅನ್ನನಾಳ ಹರಿಯುವ ಅಪಾಯ ಇದೆ. ಇದೆರಡು ಬಿಟ್ಟರೆ, ಟ್ಯೂಬ್ ಕೂತು, ಅದರ ಬಲೂನು ತುಂಬಿ, ಹೊರಬರುವ ಉಸಿರಿನ ಕಾರ್ಬನ್ ಡೈಆಕ್ಸೈಡ್ ತೋರಿಸುವ ಕ್ಯಾಪ್ನೋಗ್ರಾಫಿನಲ್ಲಿ ಅಲೆ ಕಾಣಿಸಿ, ಡಾಕ್ಟರ್ "ಬಿಡಿ" ಅನ್ನೋ ತನಕ ಬಿಡಬಾರದು. ಟ್ಯೂಬ್ ಒಳಗೆ ಹೋದದ್ದು ಕಂಡ ಕೂಡಲೇ ಕೈ ತೆಗೆಯುವ ಅಭ್ಯಾಸ ಬಹಳ ಓಟಿಗಳಲ್ಲಿ ಇದೆ, ನಾನು ಕಣ್ಣಾರೆ ನೋಡಿದ್ದೇನೆ. ಬಲೂನು ತುಂಬದ ಟ್ಯೂಬಿನ ಪಕ್ಕದಲ್ಲಿ ಎಲ್ಲವೂ ಕೆಳಗಿಳಿಯುತ್ತದೆ.

ಇನ್ನೊಂದು ಗೊಂದಲ ಅವತ್ತು ಬಗೆಹರಿಯಿತು. ಒಳಗೆ ಸರಿಯಾಗಿ ಕಾಣದಿದ್ದಾಗ ಡಾಕ್ಟರ್ 'ಬರ್ಪ್' ಕೊಡಿ ಅನ್ನುತ್ತಾರಲ್ಲ, ಅದೂ ಇದೂ ಒಂದೇ ಅಂತ ತಿಳಿದವರು ಕೋಣೆಯಲ್ಲಿ ಬಹಳ ಜನ. ಬರ್ಪ್‌ನಲ್ಲಿ ಒತ್ತುವುದು ಮೇಲಿನ ಥೈರಾಯ್ಡ್ ಮೃದ್ವಸ್ಥಿಯನ್ನು, ಹಿಂದಕ್ಕೆ, ಮೇಲಕ್ಕೆ, ರೋಗಿಯ ಬಲಕ್ಕೆ. ಅದರ ಉದ್ದೇಶ ಕಾಣುವ ಹಾಗೆ ಮಾಡುವುದು. ಅದರಿಂದ ಅನ್ನನಾಳ ಮುಚ್ಚುತ್ತದೆ ಅಂತ ನಂಬಿಕೊಂಡು ನಿಂತರೆ ರೋಗಿಗೆ ಯಾವ ರಕ್ಷಣೆಯೂ ಇಲ್ಲ.

ಇಷ್ಟೆಲ್ಲ ಒತ್ತಿ ಪ್ರಯೋಜನ ಇದೆಯಾ ಅನ್ನುವ ಪ್ರಶ್ನೆಯನ್ನು ಅವರು ಮುಚ್ಚಿಡಲಿಲ್ಲ, ಅದಕ್ಕೆ ನನ್ನ ಮೆಚ್ಚುಗೆ. ಊಟಕ್ಕೆ ಮುಂಚಿನ ಉಪನ್ಯಾಸ ಇದೇ. ಫ್ರಾನ್ಸಿನಲ್ಲಿ 3,472 ರೋಗಿಗಳ ಮೇಲೆ ಒಂದು ದೊಡ್ಡ ಪ್ರಯೋಗ ನಡೆದಿದೆ. ಅರ್ಧ ಜನರಿಗೆ ನಿಜವಾಗಿ ಒತ್ತಿದರು, ಉಳಿದವರಿಗೆ ಒತ್ತಿದ ಹಾಗೆ ನಟಿಸಿದರು. ವಾಂತಿ ಶ್ವಾಸಕೋಶಕ್ಕೆ ಇಳಿದದ್ದು ಒತ್ತಿದವರಲ್ಲಿ 0.6%, ಒತ್ತದವರಲ್ಲಿ 0.5%. ಮೇಲುನೋಟಕ್ಕೆ ಒತ್ತಿದರೂ ಅಷ್ಟೇ ಬಿಟ್ಟರೂ ಅಷ್ಟೇ ಅನ್ನಿಸುತ್ತದೆ. ಆದರೆ ಇಷ್ಟು ಅಪರೂಪಕ್ಕೆ ಆಗುವ ಸಂಗತಿಗೆ ಆ ಸಂಖ್ಯೆಯೂ ಸಾಲಲಿಲ್ಲ, ಒತ್ತದೆ ಬಿಟ್ಟರೆ ಅಪಾಯ ಇಲ್ಲ ಅಂತ ಲೆಕ್ಕದ ಪ್ರಕಾರ ಸಾಬೀತಾಗಲಿಲ್ಲ. ಒತ್ತಿದವರಲ್ಲಿ ಟ್ಯೂಬ್ ಹಾಕೋಕೆ ಸ್ವಲ್ಪ ಜಾಸ್ತಿ ಹೊತ್ತು ಹಿಡಿಯಿತು ಅನ್ನುವುದೂ ಅದರಲ್ಲೇ ಇದೆ. ಎಂಆರ್‌ಐ ಮಾಡಿ ನೋಡಿದಾಗ ಒತ್ತಿದರೆ ಅನ್ನನಾಳ ಪಕ್ಕಕ್ಕೆ ಸರಿಯುತ್ತದೆ ಅಂತ ಒಂದು ಗುಂಪು, ಸರಿದರೂ ಆ ಮಟ್ಟದಲ್ಲಿ ಗಂಟಲಿನ ಕೆಳಭಾಗ ಮುಚ್ಚುತ್ತದೆ ಅಂತ ಇನ್ನೊಂದು ಗುಂಪು. ಹಾಗಾಗಿ ಕೆಲವು ಡಾಕ್ಟರ್‌ಗಳು ಒತ್ತಿಸುತ್ತಾರೆ, ಕೆಲವರು ಬೇಡ ಅನ್ನುತ್ತಾರೆ. ಯಾವುದೂ ನಿರ್ಲಕ್ಷ್ಯ ಅಲ್ಲ. ನನ್ನ ಅಭಿಪ್ರಾಯ ಕೇಳಿದರೆ, ಒತ್ತಬೇಕಾ ಬೇಡವಾ ಅನ್ನುವುದು ಡಾಕ್ಟರ್ ತೀರ್ಮಾನ, ಆದರೆ ಒತ್ತಿ ಅಂದ ಮೇಲೆ ಸರಿಯಾದ ಜಾಗಕ್ಕೆ ಸರಿಯಾದ ಬಲ ಬೀಳಲೇಬೇಕು. ತಪ್ಪು ಜಾಗ ಒತ್ತಿ ಟ್ಯೂಬಿಗೆ ಅಡ್ಡಿ ಮಾಡುವುದಕ್ಕಿಂತ ಸುಮ್ನೆ ಇರುವುದು ಎಷ್ಟೋ ಮೇಲು.

ಗಂಟಲಿಗೆ ಬಂದದ್ದನ್ನು ಮೆಷಿನ್‌ನಿಂದ ಎಳೆದು ತೆಗೆಯುವ ಸಕ್ಷನ್ ಟೇಬಲ್‌ಗೆ ಅರ್ಧ ಮಾರ್ಕ್. ಬೊಂಬೆಯ ಅನ್ನನಾಳದಿಂದ ಪಂಪ್ ಮೂಲಕ ಬಣ್ಣದ ನೀರು ಉಕ್ಕಿಸಿ, ಸಕ್ಷನ್ ಮಾಡುತ್ತಾ ಮಾಡುತ್ತಾ ಟ್ಯೂಬ್ ಹಾಕುವ ಅಭ್ಯಾಸ. ಯೋಚನೆ ತುಂಬಾ ಒಳ್ಳೆಯದು. ಸಕ್ಷನ್ ಮೆಷಿನ್ ಆನ್ ಆಗಿರಬೇಕು, ದಪ್ಪ ಯಾಂಕರ್ ತುದಿ ದಿಂಬಿನ ಬಲಗಡೆ ಕೈಗೆ ಸಿಗುವ ಹಾಗೆ ಇರಬೇಕು, ಆಪರೇಷನ್ ಟೇಬಲ್‌ನ ತಲೆಭಾಗ ಕೆಳಗಾಗುತ್ತದಾ ಅಂತ ಮೊದಲೇ ಒತ್ತಿ ನೋಡಿರಬೇಕು, ಇದನ್ನೆಲ್ಲ ಮಾಡಿಸಿಯೇ ತೋರಿಸಿದರು. ಆದರೆ ಅವರು ಹಾಕಿದ್ದು ಬರೀ ತೆಳು ನೀರು. ಕರುಳು ಕಟ್ಟಿದ ರೋಗಿಯ ಹೊಟ್ಟೆಯಿಂದ ಅಂಥ ನೀರು ಬರುವುದಿಲ್ಲ. ಅನ್ನದ ಅಗುಳು, ಸೊಪ್ಪಿನ ನಾರು ಬಂದು ತೆಳು ಕ್ಯಾಥೆಟರ್ ಕಟ್ಟಿಕೊಂಡಾಗ ಏನು ಮಾಡಬೇಕು ಅನ್ನುವುದೇ ನಮ್ಮ ನಿಜವಾದ ಕಷ್ಟ. ಮುಂದಿನ ಸಲ ಗಟ್ಟಿ ಗಂಜಿ ಹಾಕಿ ಅಂತ ಬರೆದುಕೊಟ್ಟು ಬಂದಿದ್ದೇನೆ. ಕರುಳು ಕಟ್ಟಿದವರಿಗೆ ಮೊದಲೇ ಮೂಗಿನಿಂದ ಹೊಟ್ಟೆಗೆ ರೈಲ್ಸ್ ಟ್ಯೂಬ್ ಹಾಕಿ ಹೊಟ್ಟೆ ಎಳೆದು ಖಾಲಿ ಮಾಡುವ ಬಗ್ಗೆಯೂ ಎರಡೇ ಮಾತಲ್ಲಿ ಮುಗಿಸಿದರು.

ಪ್ರೀಆಕ್ಸಿಜನೇಷನ್, ಅಂದರೆ ಅನಸ್ತೇಷಿಯಾಗೆ ಮುಂಚೆ ಆಕ್ಸಿಜನ್ ತುಂಬಿಸಿಡುವ, ಟೇಬಲ್ ಚಿಕ್ಕದು, ಚೊಕ್ಕವಾಗಿತ್ತು. ಮಾಸ್ಕ್ ಮುಖಕ್ಕೆ ಬಿಗಿಯಾಗಿ ಕೂರಬೇಕು, 3 ನಿಮಿಷ ಸಹಜ ಉಸಿರಾಟ ಇಲ್ಲ 1 ನಿಮಿಷದಲ್ಲಿ 8 ದೀರ್ಘ ಉಸಿರು, ತಲೆ ಕಡೆ 20–25 ಡಿಗ್ರಿ ಎತ್ತರ. ಮಾಸ್ಕನ್ನು ಮುಖದಿಂದ ಸ್ವಲ್ಪ ಮೇಲೆ ಹಿಡಿದರೆ ಆಕ್ಸಿಜನ್ ಅಳತೆ ಹೇಗೆ ಇಳಿಯುತ್ತದೆ ಅಂತ ಒಬ್ಬ ಸ್ವಯಂಸೇವಕನ ಮುಖಕ್ಕೇ ಹಿಡಿದು ಮಾನಿಟರ್‌ನಲ್ಲಿ ತೋರಿಸಿದರು. ತುಂಬು ಗರ್ಭಿಣಿಗೆ, ದಪ್ಪ ಇರುವವರಿಗೆ ಉಸಿರು ನಿಂತ ಮೇಲೆ ಸಿಗುವ ಸಮಯ ಬಹಳ ಕಡಿಮೆ. ಸ್ಕೋಲಿನ್ (ಸ್ನಾಯು ಸಡಿಲ ಮಾಡಿ ಉಸಿರು ನಿಲ್ಲಿಸುವ ಔಷಧ) ಕೊಟ್ಟ ಮೇಲೆ ಮಾಸ್ಕ್ ಸರಿ ಇರಲಿಲ್ಲ ಅಂತ ಗೊತ್ತಾದರೆ ಏನೂ ಮಾಡೋಕಾಗಲ್ಲ. ಹೊಟ್ಟೆಯ ಅಲ್ಟ್ರಾಸೌಂಡ್ ಮಾಡಿ ಒಳಗೆ ಎಷ್ಟಿದೆ ನೋಡುವ ಟೇಬಲ್ ಕೂಡ ಇತ್ತು, ಅದು ಡಾಕ್ಟರ್‌ಗಳಿಗೇ ಸರಿ.

ವಿಡಿಯೋ ಲಾರಿಂಗೋಸ್ಕೋಪ್ ಟೇಬಲ್ ಬಗ್ಗೆ ಬರೆಯೋಕೆ ಏನೂ ಇಲ್ಲ, ನಮಗೆ ಅದು ಸಿಗಲೇ ಇಲ್ಲ. ಪಿಜಿ ಡಾಕ್ಟರ್‌ಗಳು ಸುತ್ತ ನಿಂತು ಮುಗಿಯಿತು. ನಾವೂ ಫೀಸು ಕಟ್ಟಿದ್ದೇವೆ, ಕಡಿಮೆಯೇ ಆದರೂ ಕಟ್ಟಿದ್ದೇವೆ. ಬ್ಲೇಡ್ ಜೋಡಿಸುವುದು, ಟ್ಯೂಬಿನೊಳಗಿನ ತಂತಿ ಅಂದರೆ ಸ್ಟೈಲೆಟ್ ಬಗ್ಗಿಸಿ ಕೊಡುವುದು, ಟ್ಯೂಬಿಗೆ ದಾರಿ ತೋರುವ ಬೂಜಿ ಎತ್ತಿ ಕೊಡುವುದು ನಮ್ಮ ಕೆಲಸ, ಅದನ್ನಾದರೂ ಮಾಡಿಸಬಹುದಿತ್ತು.

ದೊಡ್ಡ ಕೊರತೆ ಅಂದರೆ ರೋಗಿಯ ಜೊತೆ ಮಾತಾಡುವ ಪಾಠ ಇರಲೇ ಇಲ್ಲ. ಘನ ಆಹಾರಕ್ಕೆ 6 ಗಂಟೆ, ಎದೆಹಾಲಿಗೆ 4, ತಿಳಿ ನೀರಿಗೆ 2, ಇದು ಎಲ್ಲರಿಗೂ ಬಾಯಿಪಾಠ. ಆದರೆ "ಏನಾದ್ರೂ ತಿಂದಿದ್ದೀರಾ?" ಅಂತ ಕೇಳಿದರೆ ನಮ್ಮ ಜನ "ಇಲ್ಲಪ್ಪ, ಏನೂ ತಿಂದಿಲ್ಲ" ಅನ್ನುತ್ತಾರೆ, ಬೆಳಿಗ್ಗೆ ಒಂದು ಲೋಟ ಕಾಫಿ ಕುಡಿದಿರುತ್ತಾರೆ. ಅವರು ಸುಳ್ಳು ಹೇಳುತ್ತಿಲ್ಲ, ಕಾಫಿ ತಿನ್ನೋ ಪದಾರ್ಥ ಅಲ್ಲ ತಾನೆ? ಹಾಲು ಬಿದ್ದ ಕಾಫಿಗೂ 6 ಗಂಟೆ ಲೆಕ್ಕ. ಕಾಫಿ, ಟೀ, ಹಾಲು, ಗಂಜಿ, ಎಳನೀರು, ದೇವಸ್ಥಾನದ ಪ್ರಸಾದ, ಬಾಯಲ್ಲಿ ಎಲೆಅಡಿಕೆ, ಹೀಗೆ ಹೆಸರು ಹಿಡಿದು ಒಂದೊಂದೇ ಕೇಳಬೇಕು. ಹಾಸಿಗೆ ಪಕ್ಕ ಕೂತ ಅಜ್ಜಿಯನ್ನೂ ಕೇಳಬೇಕು, ಮಗು ಅತ್ತಿತು ಅಂತ ಬಿಸ್ಕೆಟ್ ಕೊಟ್ಟದ್ದು ಅವರಿಗೆ ಮಾತ್ರ ಗೊತ್ತಿರುತ್ತದೆ. ತೂಕ ಇಳಿಸೋ ಹೊಸ ಇಂಜೆಕ್ಷನ್ ತಗೊಳ್ಳುವವರ ಹೊಟ್ಟೆ ನಿಧಾನವಾಗಿ ಖಾಲಿ ಆಗುತ್ತದೆ, ಅದನ್ನೂ ಈಗ ಕೇಳಲೇಬೇಕು. ವರ್ಷಗಟ್ಟಲೆ ಅಡಿಕೆ, ಗುಟ್ಕಾ ಜಗಿದವರಲ್ಲಿ ಕೆಲವರಿಗೆ ಬಾಯಿ ಎರಡು ಬೆರಳಗಲ ಕೂಡ ತೆರೆಯುವುದಿಲ್ಲ. ಅಂಥವರ ಹೊಟ್ಟೆಯೂ ತುಂಬಿದ್ದರೆ ಡಾಕ್ಟರ್ ದಾರಿಯನ್ನೇ ಬದಲಾಯಿಸಬೇಕಾಗುತ್ತದೆ, ಸ್ಕೋಲಿನ್ ಹೋದ ಮೇಲೆ ಹೇಳಿ ಪ್ರಯೋಜನ ಇಲ್ಲ. ನಮ್ಮ ಕಡೆಯ ಈ ಸಂಗತಿಗಳಿಗೆ ಅರ್ಧ ಗಂಟೆ ಇಟ್ಟಿದ್ದರೆ ಬಹಳ ಉಪಕಾರ ಆಗುತ್ತಿತ್ತು.

ಸಿಸೇರಿಯನ್‌ಗೆ ಈಗ ಹೆಚ್ಚಾಗಿ ಬೆನ್ನಿಗೇ ಇಂಜೆಕ್ಷನ್ ಕೊಡುತ್ತಾರೆ. ತಾಯಂದಿರಿಗೆ ಅದು ಒಳ್ಳೆಯದೇ. ಆದರೆ ಅದರಿಂದ ಜನರಲ್ ಅನಸ್ತೇಷಿಯಾ ಕೊಟ್ಟು ಸಿಸೇರಿಯನ್ ಮಾಡುವುದನ್ನು ಹೊಸ ಹುಡುಗ ಹುಡುಗಿಯರು ನೋಡಿಯೇ ಇರುವುದಿಲ್ಲ. ಅಂಥ ಕೇಸ್ ಬರುವುದು ಮಗುವಿನ ಬಡಿತ ಇಳಿದಾಗ, ರಕ್ತ ಹೋಗುತ್ತಿರುವಾಗ, ಫಿಟ್ಸ್ ಬಂದಾಗ, ಸಾಮಾನ್ಯವಾಗಿ ನಡುರಾತ್ರಿ, ಓಟಿಯಲ್ಲಿ ಅತಿ ಕಡಿಮೆ ಜನ ಇರುವಾಗ. ಹಾಗಾಗಿ ಕಳಿಸುವುದಾದರೆ ಮೊದಲು ರಾತ್ರಿ ಡ್ಯೂಟಿ ಮಾಡುವ ಸಿಸ್ಟರ್‌ಗಳನ್ನು ಕಳಿಸಿ ಅಂತ ಆಸ್ಪತ್ರೆ ನಡೆಸುವವರಿಗೆ ನನ್ನ ಮನವಿ. ಅವತ್ತು ಬಂದವರಲ್ಲಿ ಅವರೇ ಅತಿ ಕಡಿಮೆ ಇದ್ದರು.

ಪ್ರಶ್ನೆಪತ್ರಿಕೆ ವಿಷಯ ಹೇಳಿಬಿಡುತ್ತೇನೆ. ಬೆಳಿಗ್ಗೆ ಒಂದು, ಸಂಜೆ ಅದೇ ಇನ್ನೊಂದು ಸಲ. ನಾವು ಎಷ್ಟು ಕಲಿತೆವು ಅಂತ ಅವರಿಗೆ ಅಂಕಿ ಬೇಕು, ಸರಿ. ಆದರೆ ಯಾವ ಉತ್ತರ ತಪ್ಪಾಯಿತು, ಯಾಕೆ ಅಂತ ನಮಗೂ ತಿಳಿಯಬೇಕಲ್ಲ? ಕಾಗದ ವಾಪಸ್ ತಗೊಂಡು ಸರ್ಟಿಫಿಕೇಟ್ ಕೊಟ್ಟು ಕಳಿಸಿದರು. ಊಟ ಚೆನ್ನಾಗಿತ್ತು, ಟೈಮಿಗೆ ಸರಿಯಾಗಿ ಶುರು ಮಾಡಿ ಸರಿಯಾಗಿ ಮುಗಿಸಿದರು. ಹೊರಗಿನ ಊರಿನವರು ಸಂಜೆ ಬಸ್ಸು ಹಿಡಿಯಬಹುದು.

ಫೀಸು ಟೆಕ್ನಿಷಿಯನ್, ಸಿಸ್ಟರ್‌ಗಳಿಗೆ ಡಾಕ್ಟರ್‌ಗಳ ಅರ್ಧ. ಅಷ್ಟು ಕೊಡಬಹುದು. ಆದರೆ ಹೆಸರು ಕೊಡುವ ಮುಂಚೆ ಫೋನ್ ಮಾಡಿ ಕೇಳಿ: ಕ್ರೈಕಾಯ್ಡ್‌ಗೆ ತಕ್ಕಡಿ ಅಥವಾ ಸಿರಿಂಜ್ ಇಟ್ಟು ಅಳತೆ ಮಾಡಿಸುತ್ತೀರಾ, ಟೆಕ್ನಿಷಿಯನ್‌ಗಳಿಗೆ ಎಲ್ಲ ಟೇಬಲ್‌ನಲ್ಲೂ ಕೈ ಹಾಕೋಕೆ ಬೇರೆ ಸಮಯ ಇಟ್ಟಿದ್ದೀರಾ, ಒಂದು ಗುಂಪಲ್ಲಿ ಎಷ್ಟು ಜನ? ಆರೇಳು ಜನಕ್ಕಿಂತ ಜಾಸ್ತಿ ಅಂದರೆ ಮುಂದಿನ ಬ್ಯಾಚಿಗೆ ಕಾಯಿರಿ.